ಅಳತೆ ಮೀರಿದ ಸರಕು ಸಾಗಣೆ: ಹಾಸನ, ಚಿಕ್ಕಮಗಳೂರು ಭಾಗದ ಲಾರಿ ಮಾಲೀಕರೂ ಚಾಲಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಉಪಕೇಂದ್ರಕ್ಕೆ ಹೋಗುವ ಟ್ರಾನ್ಸ್‌ಫಾರ್ಮರ್, ನೀರಾವರಿ ಕಾಮಗಾರಿಯ ದೈತ್ಯ ಕೊಳವೆ, ಕಾಫಿ ತೋಟದಲ್ಲಿ ಕೆರೆ ತೆಗೆಯಲು ಹೊರಟ ಹಿಟಾಚಿ, ಇವು ಮೂರೂ ಬೇರೆ ಬೇರೆ ಸರಕುಗಳಾದರೂ ಅವನ್ನು ಹೊತ್ತು ಸಾಗುವವರ ಅನುಮಾನಗಳು ಬಹುಪಾಲು ಒಂದೇ. ಸಾಗಣೆಯವರು ಇಂಥ ಸರಕನ್ನು ಓ.ಡಿ.ಸಿ. (ಓವರ್ ಡೈಮೆನ್ಷನಲ್ ಕಾರ್ಗೊ) ಎನ್ನುತ್ತಾರೆ. ಆ ಮೂರಕ್ಷರವನ್ನು ಕೂಡಿಸಿ ಓದಿದರೆ ಕನ್ನಡದಲ್ಲಿ ‘ಓಡಿಸಿ’ ಎಂದಾಗುತ್ತದೆ. ಆದರೆ ಈ ಕೆಲಸದಲ್ಲಿ ಓಡಿಸುವುದು ಎಲ್ಲಕ್ಕಿಂತ ಕೊನೆಯ ಭಾಗ. ಅದಕ್ಕೆ ಮೊದಲು ಅಳೆಯುವುದು, ತೂಗುವುದು, ಕೇಳುವುದು, ದಾರಿ ನಡೆದು ನೋಡುವುದು ಇವೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಆ ಸಿದ್ಧತೆಯನ್ನು ಕುರಿತವು.

ಯಾವ ಅಳತೆ ದಾಟಿದರೆ ಸರಕು ‘ಅಳತೆ ಮೀರಿದ್ದು’ ಎನಿಸುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 93ನೇ ನಿಯಮದಲ್ಲಿ ವಾಹನಗಳ ಗರಿಷ್ಠ ಅಳತೆಗಳಿವೆ. 2020ರ ಜೂನ್‌ನಲ್ಲಿ ತಿದ್ದುಪಡಿಯಾದ ಬಳಿಕ ಸಾಮಾನ್ಯ ಸರಕು ವಾಹನದ ಅಗಲ 2.6 ಮೀಟರ್, ಎತ್ತರ 4 ಮೀಟರ್, ಒಂದೇ ಚೌಕಟ್ಟಿನ ಎರಡು ಆಕ್ಸಲ್ ಲಾರಿಯ ಉದ್ದ 12 ಮೀಟರ್, ಪುಲ್ಲರ್ (ಮುಂದೆ ಎಳೆಯುವ ಗಾಡಿ) ಮತ್ತು ಟ್ರೈಲರ್ ಸೇರಿದ ಗಾಡಿಯ ಉದ್ದ 18.75 ಮೀಟರ್ ಎಂದು ಹಿಡಿಯಬಹುದು. ಎತ್ತರವನ್ನು ಸರಕಿನ ಬುಡದಿಂದ ಅಳೆಯದೆ, ರಸ್ತೆಯ ಮೇಲ್ಮೈಯಿಂದ ಸರಕಿನ ನೆತ್ತಿಯವರೆಗೆ ಅಳೆಯಬೇಕು. ಇವುಗಳಲ್ಲಿ ಯಾವುದೇ ಒಂದು ಅಳತೆ ಮೀರಿದರೂ ವಿಶೇಷ ಅನುಮತಿ ಬೇಕು. ಅಳತೆಗಳೆಲ್ಲ ಮಿತಿಯೊಳಗಿದ್ದು ತೂಕ ಮಾತ್ರ ಹೆಚ್ಚಿದ್ದರೆ ಅದು ಬೇರೆಯದೇ ಪ್ರಶ್ನೆ. ಆ ವಿಷಯ ಮುಂದೆ ಬರುತ್ತದೆ.

ನಾನು ತಗ್ಗು ಹಲಗೆಯ ಟ್ರೈಲರಾದ ಲೋಬೆಡ್‌ನಲ್ಲಿ ಸಾಧಾರಣ 20 ಟನ್ನಿನ ಹಿಟಾಚಿಯನ್ನು ಮಾತ್ರ ಒಯ್ಯುತ್ತೇನೆ. ನನಗೂ ಇದೆಲ್ಲ ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ನಮ್ಮ ಭಾಗದಲ್ಲಿ ತಿಳಿಯದೆ ನಿಯಮ ಮುರಿಯುವವರಲ್ಲಿ ಈ ವರ್ಗದವರೇ ಹೆಚ್ಚು. (ಯಾವ ಕಂಪನಿಯ ಅಗೆಯುವ ಯಂತ್ರವಾದರೂ ಮಲೆನಾಡಿನಲ್ಲಿ ಅದು ಹಿಟಾಚಿಯೇ, ಇಲ್ಲಿಯೂ ಆ ರೂಢಿಯನ್ನೇ ಉಳಿಸಿಕೊಂಡಿದ್ದೇನೆ.) 20 ಟನ್ ದರ್ಜೆಯ ಯಂತ್ರದ ಎರಡು ಚೈನುಗಳ ಹೊರ ಅಂಚಿನ ಅಗಲ ಸಾಮಾನ್ಯವಾಗಿ 2.8 ಮೀಟರಿನಷ್ಟಿರುತ್ತದೆ, ಅಂದರೆ ಮಿತಿಗಿಂತ ಒಂದು ಗೇಣಿನಷ್ಟು ಹೆಚ್ಚು. ಟ್ರೈಲರಿನ ಹಲಗೆ ನೆಲದಿಂದ ಒಂದು ಮೀಟರ್ ಎತ್ತರದಲ್ಲಿದ್ದು, ತೋಳು ಮಡಿಸಿದ ಯಂತ್ರದ ಎತ್ತರ 3.1 ಮೀಟರ್ ಇದ್ದರೆ ಒಟ್ಟು 4.1 ಮೀಟರ್ ಆಗುತ್ತದೆ. ಹೀಗೆ ಅಗಲ, ಎತ್ತರ ಎರಡರಲ್ಲೂ ಮಿತಿ ದಾಟಿ, ‘ದಿನಾ ಓಡಾಡುವ ಗಾಡಿ ತಾನೇ’ ಎಂಬ ಧೈರ್ಯದ ಮೇಲೆ ವರ್ಷಗಟ್ಟಲೆ ಓಡಾಡುವವರಿದ್ದಾರೆ. ಮೊದಲು ನಿಮ್ಮ ಗಾಡಿಯ ಹಲಗೆಯ ಎತ್ತರ, ಅಗಲ, ಟ್ರೈಲರನ್ನು ಪುಲ್ಲರಿಗೆ ಸೇರಿಸುವ ಗೂಟವಾದ ಕಿಂಗ್‌ಪಿನ್‌ನಿಂದ ಹಿಂದಿನ ಆಕ್ಸಲ್‌ಗಳ ನಡುವಿನವರೆಗಿನ ಉದ್ದ, ಹೊಟ್ಟೆಯ ಕೆಳಗಿನ ತೆರವು, ಇವಿಷ್ಟನ್ನು ಟೇಪಿನಿಂದ ಅಳೆದು ಕ್ಯಾಬಿನ್ನಿನೊಳಗೆ ಬರೆದು ಅಂಟಿಸಿಕೊಳ್ಳಿ.

ಮರದ ದಿಮ್ಮಿ ಲಾರಿಯ ಹಿಂದೆ ಎರಡಡಿ ಚಾಚಿದೆ. ಕೆಂಪು ಬಟ್ಟೆ ಕಟ್ಟಿದರೆ ಸಾಲದೇ?

ಸಾಲದು. ಸಿಲ್ವರ್ ಓಕ್ ದಿಮ್ಮಿ, ಕಬ್ಬಿಣದ ಸರಳು, ಕಂಬಗಳನ್ನು ಹಿಂದಕ್ಕೆ ಚಾಚಿಕೊಂಡು ಹೋಗಲು ಮೊದಲು ಇದ್ದ ರಿಯಾಯಿತಿಯನ್ನು 2014ರಲ್ಲಿ ನಿಯಮದಿಂದ ತೆಗೆಯಲಾಯಿತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194(1ಎ) ಕಲಮಿನ ಪ್ರಕಾರ ಸರಕು ಪಕ್ಕಕ್ಕಾಗಲಿ, ಮುಂದಕ್ಕಾಗಲಿ, ಹಿಂದಕ್ಕಾಗಲಿ, ಮೇಲಕ್ಕಾಗಲಿ ಮಿತಿ ಮೀರಿ ಚಾಚಿದ್ದರೆ 20,000 ರೂಪಾಯಿ ದಂಡವಿದೆ, ಸರಕನ್ನು ಇಳಿಸುವ ಖರ್ಚೂ ನಿಮ್ಮದೇ, ಮತ್ತು ಸರಿಪಡಿಸುವವರೆಗೆ ಗಾಡಿ ಕದಲುವಂತಿಲ್ಲ. ಅದೇ ಕಲಮಿನ ಕೊನೆಯಲ್ಲಿ, ಸಕ್ಷಮ ಪ್ರಾಧಿಕಾರವು ನಿರ್ದಿಷ್ಟ ಸರಕಿಗೆ ವಿನಾಯಿತಿ ಕೊಟ್ಟಿದ್ದರೆ ಈ ದಂಡ ಅನ್ವಯಿಸದು ಎಂಬ ಮಾತೂ ಇದೆ. ಆದರೆ ಬಿಡಿಸಿ ಸಾಗಿಸಲು ಸಾಧ್ಯವೇ ಇಲ್ಲದ ಸರಕಿಗೆ ಮಾತ್ರ ಅಂಥ ವಿನಾಯಿತಿ ಕೇಳಬಹುದು. ದಿಮ್ಮಿಯನ್ನು ತುಂಡರಿಸಬಹುದು, ಸರಳುಗಳನ್ನು ಎರಡು ಲೋಡ್ ಮಾಡಬಹುದು. ಟ್ರಾನ್ಸ್‌ಫಾರ್ಮರಿನ ಟ್ಯಾಂಕನ್ನು ಕತ್ತರಿಸಲಾಗದು. ವ್ಯತ್ಯಾಸ ಇಷ್ಟೇ.

ಚಾಲಕನಿಗೆ ಯಾವ ಲೈಸೆನ್ಸ್ ಬೇಕು?

ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು; ಅದರ ಕಲಿಕಾ ಲೈಸೆನ್ಸ್ ಪಡೆಯುವ ಮೊದಲು ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷವಾಗಿರಬೇಕು. ಒಟ್ಟು ತೂಕ 12,000 ಕಿಲೋ ಮೀರಿದ ಸರಕು ವಾಹನಕ್ಕೆ ಭಾರಿ ವಾಹನದ ಅಧಿಕಾರ ಬೇಕು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಲಘು ವಾಹನದ ಲೈಸೆನ್ಸ್ ಉಳ್ಳವರೂ ಸಾರಿಗೆ ವಾಹನ ಓಡಿಸಬಹುದಾಯಿತಲ್ಲ ಎಂದು ಕೆಲವರು ವಾದಿಸುತ್ತಾರೆ; ಆ ತೀರ್ಪು 7,500 ಕಿಲೋದೊಳಗಿನ ಗಾಡಿಗಳಿಗೆ ಮಾತ್ರ, ಲೋಬೆಡ್ ಎಳೆಯುವವರಿಗೆ ಅದರಿಂದ ಏನೂ ಒದಗದು. ಸಾರಿಗೆ ಲೈಸೆನ್ಸಿನ ಅವಧಿ ಈಗ ಐದು ವರ್ಷ. ಹಾಸನ, ಚಿಕ್ಕಮಗಳೂರು, ಸಕಲೇಶಪುರ ಮೂರೂ ಕಡೆ ಸಾರಿಗೆ ಕಚೇರಿಗಳಿವೆ.

ಲೈಸೆನ್ಸ್ ಸಿಕ್ಕಿತು. ಇಂಥ ಲೋಡ್ ಓಡಿಸುವುದನ್ನು ಕಲಿಯುವುದು ಎಲ್ಲಿಂದ?

ಲೈಸೆನ್ಸಿನ ಪರೀಕ್ಷೆಯಲ್ಲಿ ಈ ವಿದ್ಯೆಯ ಒಂದಂಶವೂ ಬರುವುದಿಲ್ಲ. ಹಿಂದೆ ಕ್ಲೀನರಾಗಿ ಸೇರಿ, ವರ್ಷಗಟ್ಟಲೆ ಗಾಡಿಯ ಹಿಂದೆ ನಿಂತು ‘ಬರಲಿ, ಬರಲಿ’ ಎಂದು ಕೂಗಿದವನೇ ಮುಂದೆ ಚಾಲಕನಾಗುತ್ತಿದ್ದ; ಈಗಲೂ ಅದಕ್ಕಿಂತ ಉತ್ತಮವಾದ ದಾರಿ ನನಗೆ ಕಂಡಿಲ್ಲ. ಏಕೆಂದರೆ ಹಿಂದಿನ ಚಕ್ರ ಎಲ್ಲಿ ಬೀಳುತ್ತದೆ ಎಂಬುದು ಕ್ಯಾಬಿನ್ನಿನಲ್ಲಿ ಕುಳಿತವನಿಗಿಂತ ಕೆಳಗೆ ನಿಂತವನಿಗೆ ಬೇಗ ಅರ್ಥವಾಗುತ್ತದೆ. ಮೊದಲು ಲೋಡಿನ ಹಿಂದೆ ಮುಂದೆ ಕಾವಲಾಗಿ ಸಾಗುವ ಪೈಲಟ್ ಗಾಡಿಯಲ್ಲಿ ಕೆಲವು ಸಾಗಣೆಗಳಿಗೆ ಹೋಗಿ, ಆಮೇಲೆ ಖಾಲಿ ಟ್ರೈಲರನ್ನು ಬಯಲಿನಲ್ಲಿ ಹಿಂದಕ್ಕೆ ಹೊಡೆಯುವುದನ್ನು ಕಲಿತು, ನಂತರ ಸಮತಟ್ಟಾದ ಹೆದ್ದಾರಿಯಲ್ಲಿ ಲೋಡ್ ಎಳೆದು, ಎಲ್ಲಕ್ಕಿಂತ ಕೊನೆಗೆ ಘಾಟಿಗೆ ಇಳಿಯಬೇಕು. ಹಾಸನದಿಂದ ಬೆಂಗಳೂರಿನ ಕಡೆಗೆ ಹೋಗುವ ಚತುಷ್ಪಥ ರಸ್ತೆ ಕಲಿಯುವವನಿಗೆ ಸರಿಯಾದ ಶಾಲೆ, ಸಕಲೇಶಪುರದಿಂದಾಚೆಗಿನದು ಕಲಿತವನಿಗೆ.

ತೂಕದ ವಿಚಾರದಲ್ಲಿ ಒಟ್ಟು ತೂಕ ಮುಖ್ಯವೋ, ಆಕ್ಸಲ್ ತೂಕ ಮುಖ್ಯವೋ?

ಎರಡೂ ಕಾನೂನಿನ ಮಾತೇ. ಆದರೆ ರಸ್ತೆಗೆ ಹೆಚ್ಚಾಗಿ ತಿಳಿಯುವುದು ಆಕ್ಸಲ್ ತೂಕ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೆಚ್ಚಿಸಿದ ಮಿತಿಗಳ ಪ್ರಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 11.5 ಟನ್, ಜೋಡಿ ಆಕ್ಸಲ್‌ಗೆ 21 ಟನ್, ಮೂರು ಆಕ್ಸಲ್‌ಗಳ ಗುಂಪಿಗೆ 27 ಟನ್, ಸಾಮಾನ್ಯ ಟ್ರೈಲರಿನ ಒಟ್ಟು ತೂಕಕ್ಕೆ 55 ಟನ್ ಗರಿಷ್ಠ. ಸರಕನ್ನು ಟ್ರೈಲರಿನ ಮೇಲೆ ಒಂದೆರಡು ಅಡಿ ಹಿಂದಕ್ಕೆ ಇಟ್ಟರೂ ಒಟ್ಟು ತೂಕ ಹಾಗೆಯೇ ಇದ್ದು, ಹಿಂದಿನ ಗುಂಪಿನ ತೂಕ ಮಾತ್ರ ಮಿತಿ ದಾಟಬಹುದು. ಆದ್ದರಿಂದ ತೂಕದ ಚೀಟಿ ಮಾಡಿಸುವಾಗ ಇಡೀ ಗಾಡಿಯನ್ನು ಒಮ್ಮೆ, ಪುಲ್ಲರನ್ನು ಮಾತ್ರ ಒಮ್ಮೆ, ಹಿಂದಿನ ಆಕ್ಸಲ್‌ಗಳನ್ನು ಮಾತ್ರ ಒಮ್ಮೆ ನಿಲ್ಲಿಸಿ ತೂಗಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ಅದಕ್ಕೆ ಹೆಚ್ಚೆಂದರೆ ಹತ್ತು ನಿಮಿಷ ಹಿಡಿಯುತ್ತದೆ.

ಮಿತಿಮೀರಿದ ತೂಕಕ್ಕೆ 194ನೇ ಕಲಮಿನಡಿ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ತೂಕಕ್ಕೆ ನಿಲ್ಲಿಸದೆ ಹೋದರೆ 40,000 ರೂಪಾಯಿ. ಚಾಲಕ ಬೇರೆ, ಮಾಲೀಕ ಬೇರೆ ಆಗಿದ್ದಲ್ಲಿ, ಮಾಲೀಕನಿಗೆ ತಿಳಿದೇ ಇದು ನಡೆದಿದೆ ಎಂದು ನ್ಯಾಯಾಲಯ ಭಾವಿಸಬಹುದು ಎಂದು 113ನೇ ಕಲಮು ಹೇಳುತ್ತದೆ. ‘ಡ್ರೈವರ್ ಮಾಡಿದ ತಪ್ಪು’ ಎಂದು ಮನೆಯಲ್ಲಿ ಕುಳಿತ ಮಾಲೀಕ ಹೇಳಿದರೆ ಅದು ಸುಲಭವಾಗಿ ನಡೆಯುವ ಮಾತಲ್ಲ.

ಟ್ರಾನ್ಸ್‌ಫಾರ್ಮರ್ ಒಯ್ಯುವ ಸಾಲು ಸಾಲು ಚಕ್ರದ ಗಾಡಿಯಲ್ಲಿ ಅಂಥ ವಿಶೇಷವೇನು?

ಅದು ಹೈಡ್ರಾಲಿಕ್ ಆಕ್ಸಲ್ ಟ್ರೈಲರ್. ಪ್ರತಿ ಸಾಲಿನ ಚಕ್ರಗಳೂ ಎಣ್ಣೆಯ ಒತ್ತಡದ ಮೇಲೆ ನಿಂತು ಒಂದಕ್ಕೊಂದು ಜೋಡಣೆಯಾಗಿರುವುದರಿಂದ, ರಸ್ತೆ ತಗ್ಗು ದಿಣ್ಣೆಯಾಗಿದ್ದರೂ ತೂಕ ಎಲ್ಲ ಸಾಲುಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಎಲ್ಲ ಸಾಲುಗಳೂ ತಿರುಗುವುದರಿಂದ ಉದ್ದವಾದ ಗಾಡಿಯೂ ತಿರುವಿನಲ್ಲಿ ಬಳುಕುತ್ತದೆ. ಇಂಥ ಟ್ರೈಲರಿನ ಒಂದು ಸಾಲಿಗೆ, ಅಂದರೆ ಎಂಟು ಟೈರಿಗೆ, ಕಾನೂನಿನ ಮಿತಿ 18 ಟನ್. ಲೆಕ್ಕ ಸರಳ: ಒಂದು ಸಾಲಿನ ಸ್ವಂತ ತೂಕ 4 ಟನ್ ಎಂದಿಟ್ಟುಕೊಂಡರೆ ಸರಕಿಗೆ 14 ಟನ್ ಉಳಿಯುತ್ತದೆ, 100 ಟನ್ನಿನ ಸರಕಿಗೆ ಏಳು ಸಾಲು ಸಾಲದೆ ಎಂಟು ಬೇಕಾಗುತ್ತದೆ. ‘ಏಳರಲ್ಲಿ ಹೇಗೋ ಆಗುತ್ತದೆ’ ಎನ್ನುವ ಸಾಗಣೆದಾರನಿಗೆ ಕೆಲಸ ಕೊಡಬಾರದು.

ಅನುಮತಿಯನ್ನು ಯಾರಿಂದ ಪಡೆಯಬೇಕು?

ರಸ್ತೆ ಯಾರದೋ ಅವರಿಂದ. ರಾಷ್ಟ್ರೀಯ ಹೆದ್ದಾರಿಗೆ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳಿಗೆ ಲೋಕೋಪಯೋಗಿ ಇಲಾಖೆ. ಊರೊಳಗಿನ ಬೀದಿಗೆ ನಗರಸಭೆ ಅಥವಾ ಪುರಸಭೆ. ರೈಲ್ವೆ ಗೇಟು, ಮೇಲ್ಸೇತುವೆಗಳಿಗೆ ರೈಲ್ವೆ, ನಮ್ಮ ಭಾಗದಲ್ಲಿ ಹೆಚ್ಚಾಗಿ ಮೈಸೂರು ವಿಭಾಗ. ವಿದ್ಯುತ್ ತಂತಿಗೆ ಹಾಸನದಲ್ಲಿ ಚಾಮುಂಡೇಶ್ವರಿ ವಿದ್ಯುತ್ ನಿಗಮ, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ. ಪೊಲೀಸರಿಗೆ ಮುಂಚಿತವಾಗಿ ತಿಳಿಸಬೇಕಾದುದು ಬೇರೆ.

ಅರ್ಜಿಯಲ್ಲಿ ಪುಲ್ಲರ್, ಟ್ರೈಲರ್‌ಗಳ ನೋಂದಣಿ, ಸರಕಿನ ಅಳತೆ ಮತ್ತು ತೂಕ, ಪ್ರತಿ ಆಕ್ಸಲ್‌ನ ತೂಕ, ಆಕ್ಸಲ್‌ಗಳ ನಡುವಿನ ಅಂತರ ತೋರಿಸುವ ನಕ್ಷೆ, ಹೋಗುವ ದಾರಿ, ಸೇತುವೆಗೆ ಹಾನಿಯಾದರೆ ಭರಿಸುವ ಮುಚ್ಚಳಿಕೆ ಇವೆಲ್ಲ ಇರುತ್ತವೆ. ಅನುಮತಿಯಲ್ಲಿ ಬರೆದಿರುವ ದಾರಿಯಷ್ಟೇ ನಿಮ್ಮ ದಾರಿ. ರಸ್ತೆ ಬಂದ್ ಆಯಿತೆಂದು ಪಕ್ಕದ ದಾರಿ ಹಿಡಿದರೆ ಕೈಯಲ್ಲಿರುವುದು ಬರೀ ಕಾಗದ. ಜನ ಹೆಚ್ಚಾಗಿ ಎಡವುವುದು ಕೊನೆಯ ತುಂಡಿನಲ್ಲಿ: ಹೆದ್ದಾರಿಗೆ ಅನುಮತಿ ಪಡೆದು, ಹೆದ್ದಾರಿಯಿಂದ ಕೆಲಸದ ಜಾಗದವರೆಗಿನ ಐದಾರು ಕಿಲೋಮೀಟರ್ ಪಂಚಾಯಿತಿ ರಸ್ತೆಯನ್ನು ಮರೆತೇಬಿಡುತ್ತಾರೆ.

ದಾರಿಯನ್ನು ಮೊದಲೇ ನೋಡಿ ಬರಬೇಕು ಎನ್ನುತ್ತಾರೆ. ಮೊಬೈಲ್ ನಕ್ಷೆ ನೋಡಿದರೆ ಸಾಲದೇ?

ನಕ್ಷೆಯಲ್ಲಿ ಮೋರಿ ಕಾಣುವುದಿಲ್ಲ, ತಂತಿ ಕಾಣುವುದಿಲ್ಲ, ಕಳೆದ ವಾರ ಪಂಚಾಯಿತಿಯವರು ಹಾಕಿದ ಉಬ್ಬು ಕಾಣುವುದಿಲ್ಲ, ಬಸ್ ಸ್ಟ್ಯಾಂಡಿನ ಎದುರು ಚಾಚಿಕೊಂಡ ಅಂಗಡಿಯ ತಗಡು ಕಾಣುವುದಿಲ್ಲ. ದಾರಿ ನೋಡಲು ಇಬ್ಬರು ಹೋಗಬೇಕು, ಒಬ್ಬ ಗಾಡಿ ಓಡಿಸಲು, ಒಬ್ಬ ಬರೆಯಲು. ಆ ಇಬ್ಬರಲ್ಲಿ ಒಬ್ಬ ಲೋಡ್ ಎಳೆಯಲಿರುವ ಚಾಲಕನೇ ಆಗಿರಬೇಕು. ಬೇರೆಯವರು ನೋಡಿ ಬಂದು ಹೇಳಿದ ದಾರಿಯನ್ನು ನಂಬಿ ಹೊರಡುವುದು ಈ ಕೆಲಸದಲ್ಲಿ ಸಲ್ಲದು.

ನನಗೇ ಒಮ್ಮೆ ಹಾಗಾಯಿತು. ಮೂಡಿಗೆರೆ ಕಡೆಯ ಒಂದು ತೋಟಕ್ಕೆ ಯಂತ್ರ ಒಯ್ಯಬೇಕಿತ್ತು. ಕೆಲಸ ಕೊಟ್ಟವರು ‘ಟಿಪ್ಪರ್ ದಿನಾ ಬರುತ್ತೆ, ರಸ್ತೆ ಗಟ್ಟಿಯಾಗಿದೆ’ ಎಂದರು, ನಾನೂ ಹೂಂ ಎಂದೆ. ತೋಟದ ಗೇಟಿಗೆ ಇನ್ನೇನು ಇನ್ನೂರು ಮಾರು ಇರುವಾಗ ಮೋರಿಯ ಏರಿನಲ್ಲಿ ಟ್ರೈಲರಿನ ಹೊಟ್ಟೆ ಕೂತಿತು, ಹಿಂದಿನ ಚಕ್ರದಡಿ ಸಿಮೆಂಟ್ ಪೈಪು ಒಡೆಯಿತು. ಆನೆ ಓಡಾಡುವ ಜಾಗ, ಹೊತ್ತು ಮುಳುಗುತ್ತಿತ್ತು. ಯಂತ್ರವನ್ನು ಅಲ್ಲೇ ಇಳಿಸಿ, ಅದರಿಂದಲೇ ಟ್ರೈಲರನ್ನು ಎಳೆಸಿ ಹೊರಬರುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು. ಟಿಪ್ಪರ್ ಹೋಗುವ ರಸ್ತೆಗೂ ಲೋಬೆಡ್ ಹೋಗುವ ರಸ್ತೆಗೂ ಎಷ್ಟು ಅಂತರವಿದೆ ಎಂಬುದು ಅಂದು ತಿಳಿಯಿತು.

ಹೊಟ್ಟೆ ಬಡಿಯುವುದನ್ನು ಮೊದಲೇ ತಿಳಿಯಲು ಒಂದು ಸುಲಭ ಉಪಾಯವಿದೆ. ಕಿಂಗ್‌ಪಿನ್‌ನಿಂದ ಹಿಂದಿನ ಆಕ್ಸಲ್‌ವರೆಗಿನ ಉದ್ದಕ್ಕೆ ಒಂದು ದಾರವನ್ನು ಕತ್ತರಿಸಿಕೊಳ್ಳಿ. ಟ್ರೈಲರಿನ ಹೊಟ್ಟೆ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ದಾರದ ಎರಡೂ ತುದಿಗಳನ್ನು ಇಬ್ಬರು ಬಿಗಿಯಾಗಿ ಹಿಡಿದು ಉಬ್ಬಿನ ಮೇಲೆ, ಮೋರಿಯ ಮೇಲೆ, ರೈಲ್ವೆ ಗೇಟಿನ ದಿಣ್ಣೆಯ ಮೇಲೆ ನಡೆದು ಹೋಗಬೇಕು. ದಾರ ನಡುವೆ ಎಲ್ಲಾದರೂ ನೆಲಕ್ಕೆ ತಾಗಿದರೆ ಅಲ್ಲಿ ಟ್ರೈಲರೂ ತಾಗುತ್ತದೆ.

ತಿರುವಿನಲ್ಲಿ ಗಾಡಿ ತಿರುಗುತ್ತದೆಯೋ ಇಲ್ಲವೋ ಎಂದು ಲೆಕ್ಕ ಹಾಕಬಹುದೇ?

ಹಾಕಬಹುದು, ಹಾಕಲೇಬೇಕು. ಪುಲ್ಲರ್ ಹೋದ ದಾರಿಯಲ್ಲೇ ಟ್ರೈಲರಿನ ಚಕ್ರ ಹೋಗುವುದಿಲ್ಲ. ಅದು ಒಳಕ್ಕೆ ಕತ್ತರಿಸುತ್ತದೆ. ಎಷ್ಟು ಕತ್ತರಿಸುತ್ತದೆ ಎಂಬುದು ತಿರುವಿನ ತ್ರಿಜ್ಯ ಮತ್ತು ಟ್ರೈಲರಿನ ಉದ್ದವನ್ನು ಅವಲಂಬಿಸಿದೆ.

ಮೊದಲು ತ್ರಿಜ್ಯ. ತಿರುವಿನ ಹೊರ ಅಂಚಿನ ಬಿಳಿ ಗೆರೆಯ ಮೇಲೆ ಎರಡು ಬಿಂದುಗಳ ನಡುವೆ 20 ಮೀಟರ್ ಹಗ್ಗವನ್ನು ಬಿಗಿಯಾಗಿ ಹಿಡಿದು, ಹಗ್ಗದ ನಟ್ಟನಡುವಿನಿಂದ ಹೊರ ಅಂಚಿಗೆ ಎಷ್ಟು ದೂರವಿದೆ ಎಂದು ಅಳೆಯಿರಿ. ಅದು 3 ಮೀಟರ್ ಬಂತೆನ್ನಿ. ಅರ್ಧ ಹಗ್ಗದ ವರ್ಗ 100, ಮೂರರ ವರ್ಗ 9, ಕೂಡಿದರೆ 109. ಅದನ್ನು ಮೂರರ ಇಮ್ಮಡಿಯಾದ 6ರಿಂದ ಭಾಗಿಸಿದರೆ ಹೊರ ಅಂಚಿನ ತ್ರಿಜ್ಯ ಸುಮಾರು 18.2 ಮೀಟರ್. ಪುಲ್ಲರಿನ ಅರ್ಧ ಅಗಲ ಕಳೆದರೆ ಅದರ ನಡುಗೆರೆ ಹೆಚ್ಚೆಂದರೆ 17 ಮೀಟರ್ ತ್ರಿಜ್ಯದಲ್ಲಿ ಸಾಗಬಲ್ಲದು.

ಈಗ ಟ್ರೈಲರ್. ಕಿಂಗ್‌ಪಿನ್‌ನಿಂದ ಹಿಂದಿನ ಆಕ್ಸಲ್‌ಗಳ ನಡುವಿನವರೆಗೆ 9 ಮೀಟರ್ ಇದ್ದರೆ, 17ರ ವರ್ಗ 289ರಲ್ಲಿ 9ರ ವರ್ಗ 81 ಕಳೆದು ಉಳಿದ 208ರ ವರ್ಗಮೂಲ ತೆಗೆದರೆ 14.4. ಅಂದರೆ ಟ್ರೈಲರಿನ ನಡುಗೆರೆ 2.6 ಮೀಟರ್ ಒಳಗೆ ಸರಿಯುತ್ತದೆ, ಮತ್ತು 3 ಮೀಟರ್ ಅಗಲದ ಟ್ರೈಲರಾದರೆ ಒಟ್ಟು 5.3 ಮೀಟರಿನಷ್ಟು ರಸ್ತೆಯನ್ನು ಗಾಡಿ ಗುಡಿಸಿಕೊಂಡು ಹೋಗುತ್ತದೆ. 7 ಮೀಟರ್ ರಸ್ತೆಯಲ್ಲಿ ಇದು ಸಾಧ್ಯ, ಎದುರಿನಿಂದ ಬರುವ ಗಾಡಿಗಳನ್ನು ನಿಲ್ಲಿಸಿದರೆ. ಅದೇ ಉದ್ದ 12 ಮೀಟರ್ ಇದ್ದರೆ ಟ್ರೈಲರ್ 5 ಮೀಟರಿನಷ್ಟು ಒಳಗೆ ಸರಿದು, ಬೇಕಾಗುವ ಅಗಲ 7.7 ಮೀಟರ್ ಆಗುತ್ತದೆ. ಚಕ್ರ ಚರಂಡಿಗೆ ಬೀಳುತ್ತದೆ. ಇದು ಅಂದಾಜಿನ ಲೆಕ್ಕ. ತಿರುವು ಚಿಕ್ಕದಾಗಿದ್ದರೆ ಗಾಡಿ ಇಷ್ಟು ಒಳಗೆ ಸರಿಯುವ ಮೊದಲೇ ತಿರುವು ಮುಗಿಯಬಹುದು. ಆದರೆ ಹಿಮ್ಮುರಿ ತಿರುವುಗಳಲ್ಲಿ ಇದನ್ನೇ ನಂಬಿ ನಡೆಯುವುದು ಕ್ಷೇಮ. ಬೆಟ್ಟದ ರಸ್ತೆಗಳ ಹಿಮ್ಮುರಿ ತಿರುವಿಗೆ ಭಾರತೀಯ ರಸ್ತೆ ಕಾಂಗ್ರೆಸ್ ನಿಗದಿ ಮಾಡಿರುವ ಒಳ ತ್ರಿಜ್ಯ ಕನಿಷ್ಠ 14 ಮೀಟರ್. ಹಳೆಯ ತೋಟದ ರಸ್ತೆ ಮಾಡಿದವರು ಅದನ್ನು ನೋಡಿ ಮಾಡಿದವರಲ್ಲ.

ವಿದ್ಯುತ್ ತಂತಿಗಳ ಕೆಳಗೆ ಎಷ್ಟು ಎತ್ತರ ಸಿಗುತ್ತದೆ?

ನಿಯಮದ ಪ್ರಕಾರ ರಸ್ತೆಗೆ ಅಡ್ಡವಾಗಿ ಹಾಯುವ ಮನೆ ಸಂಪರ್ಕದ ಒತ್ತಡದ ತಂತಿ ನೆಲದಿಂದ 5.8 ಮೀಟರ್, 11 ಕೆ.ವಿ. ತಂತಿ 6.1 ಮೀಟರ್ ಮೇಲಿರಬೇಕು. ಆದರೆ ರಸ್ತೆಯಲ್ಲದ ಕಡೆ ಹಾಯುವ 11 ಕೆ.ವಿ.ವರೆಗಿನ ಬರಿ ತಂತಿಗೆ 4.6 ಮೀಟರ್ ಇದ್ದರೂ ನಿಯಮಕ್ಕೆ ಸಾಕು. ತೋಟದೊಳಗೆ ತಂತಿ ಎಳೆದಾಗ ಅಲ್ಲಿ ರಸ್ತೆಯೇ ಇರಲಿಲ್ಲ, ಆಮೇಲೆ ಮಾಲೀಕರು ರಸ್ತೆ ಮಾಡಿಕೊಂಡರು ಎಂದಿದ್ದರೆ, 4.1 ಮೀಟರಿನ ನಿಮ್ಮ ಲೋಡಿಗೂ ತಂತಿಗೂ ನಡುವೆ ಒಂದೂವರೆ ಅಡಿಯಷ್ಟೇ ಉಳಿಯಿತು. ಬೆಳಗಿನ ತಂಪಿನಲ್ಲಿ ಅಳೆದ ತಂತಿ ಮಧ್ಯಾಹ್ನದ ಬಿಸಿಲಿಗೆ ಇನ್ನೂ ಜೋಲುತ್ತದೆ ಎಂಬುದೂ ನೆನಪಿರಲಿ.

ತಂತಿಯ ಎತ್ತರವನ್ನು ಗಳ ಎತ್ತಿ ಅಳೆಯಬೇಡಿ. ಹಸಿ ಬಿದಿರೂ ಮಳೆಯಲ್ಲಿ ನೆನೆದ ಬಿದಿರೂ ವಿದ್ಯುತ್ತನ್ನು ಹರಿಸುತ್ತವೆ. ಶಬ್ದದ ಅಲೆಯಿಂದ ನೆಲದಲ್ಲಿ ನಿಂತೇ ಅಳೆಯುವ ಉಪಕರಣ ಸಿಗುತ್ತದೆ, ಇಲ್ಲವಾದರೆ ಲೈನ್‌ಮ್ಯಾನ್‌ನನ್ನು ಕರೆಯಿರಿ. ಲೋಡಿನ ಮೇಲೆ ಒಬ್ಬನನ್ನು ಕೂರಿಸಿ ಕೋಲಿನಿಂದ ತಂತಿ ಎತ್ತಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದನ್ನು ಯಾರು ಹೇಳಿದರೂ ಮಾಡಬಾರದು; ವಿದ್ಯುತ್ ಕಡಿತಕ್ಕೆ ಅರ್ಜಿ ಕೊಟ್ಟು, ಲೈನ್ ಬಂದ್ ಆಗಿದೆ ಎಂದು ಸಿಬ್ಬಂದಿ ಸ್ಥಳದಲ್ಲೇ ಖಚಿತಪಡಿಸಿದ ಮೇಲೆ ಮಾತ್ರ ದಾಟಬೇಕು. ವಿದ್ಯುದೀಕರಣಗೊಂಡ ರೈಲು ಮಾರ್ಗದ ಗೇಟುಗಳಲ್ಲಿ ಎತ್ತರದ ಚೌಕಟ್ಟು 4.67 ಮೀಟರಿಗೆ ಇರುತ್ತದೆ. ಅದನ್ನು ಮೀರಿದ ಲೋಡಿಗೆ ರೈಲ್ವೆಯ ಪ್ರತ್ಯೇಕ ಅನುಮತಿ ಬೇಕು.

ಅಡ್ಡ ಬಂದ ಮರದ ಕೊಂಬೆಯನ್ನು ಕಡಿದುಕೊಂಡು ಹೋಗಬಹುದೇ?

ಇಲ್ಲ. ಮರ ಕಡಿಯುವುದನ್ನು ನಿಯಂತ್ರಿಸುವ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೇ ಇದೆ. ಅರಣ್ಯ ಇಲಾಖೆಯನ್ನು ಕೇಳಿಯೇ ಕೈ ಹಾಕಬೇಕು.

ಸೇತುವೆ ದಾಟುವಾಗ ಏಕೆ ಅಷ್ಟು ನಿಧಾನ?

ಭಾರಿ ವಿಶೇಷ ವಾಹನಗಳಿಗಾಗಿ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೇತುವೆ ಸಂಹಿತೆಯಲ್ಲಿ 385 ಟನ್ನಿನ ಗಾಡಿಯ ಭಾರವನ್ನು ಸೇತುವೆ ತಾಳುತ್ತದೆಯೇ ಎಂದು ನೋಡುವ ಒಂದು ಲೆಕ್ಕವಿದೆ. ಆ ಲೆಕ್ಕ ನಿಂತಿರುವುದು ಕೆಲವು ಷರತ್ತುಗಳ ಮೇಲೆ: ಗಾಡಿ ಗಂಟೆಗೆ 5 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಹೋಗದು, ಸೇತುವೆಯ ನಟ್ಟನಡುವೆ ಹೋಗುತ್ತದೆ, ಆ ಹೊತ್ತಿನಲ್ಲಿ ಸೇತುವೆಯ ಮೇಲೆ ಬೇರೆ ವಾಹನವಿಲ್ಲ. ವೇಗ ಹೆಚ್ಚಿದರೆ ಕುಲುಕಾಟದಿಂದ ಸೇತುವೆಯ ಮೇಲೆ ಬೀಳುವ ಪೆಟ್ಟು ಹೆಚ್ಚುತ್ತದೆ. ಪಕ್ಕಕ್ಕೆ ಸರಿದರೆ ಒಂದೇ ತೊಲೆಯ ಮೇಲೆ ಹೊರೆ ಬೀಳುತ್ತದೆ. ಬ್ರೇಕ್ ಒತ್ತಿದರೆ ಅಡ್ಡ ನೂಕು ಕಂಬಗಳಿಗೆ ಹೋಗುತ್ತದೆ. ಆದ್ದರಿಂದ ಸೇತುವೆಯ ಮೇಲೆ ನಿಲ್ಲಿಸುವುದು, ಗೇರು ಬದಲಿಸುವುದು, ಬ್ರೇಕ್ ಒತ್ತುವುದು ಮೂರನ್ನೂ ತಪ್ಪಿಸಬೇಕು. ಫೋಟೊ ತೆಗೆಯಲು ಸೇತುವೆಯ ಮೇಲೆ ಬೈಕ್ ನಿಲ್ಲಿಸುವವರನ್ನು ಮೊದಲೇ ಚದುರಿಸುವುದು ಪೈಲಟ್ ಗಾಡಿಯವರ ಕೆಲಸ.

ಮಂಗಳೂರಿನ ಕಡೆಯಿಂದ ಬರುವ ಲೋಡನ್ನು ಯಾವ ಘಾಟಿಯಲ್ಲಿ ತರಬೇಕು?

ಶಿರಾಡಿ. ನಮ್ಮ ಎರಡು ಜಿಲ್ಲೆಗಳ ಮಟ್ಟಿಗೆ ಬೇರೆ ಉತ್ತರವಿಲ್ಲ. ರಾಷ್ಟ್ರೀಯ ಹೆದ್ದಾರಿ 75 ಬಂಟ್ವಾಳ, ಉಪ್ಪಿನಂಗಡಿ, ಗುಂಡ್ಯ ಹಾದು ಘಾಟಿ ಹತ್ತಿ ಮಾರನಹಳ್ಳಿ, ಸಕಲೇಶಪುರದ ಮೂಲಕ ಹಾಸನಕ್ಕೆ ಬರುತ್ತದೆ. ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿ ಘಾಟಿಯಲ್ಲಿ 2019ರ ಆಗಸ್ಟ್‌ನ ಭೂಕುಸಿತದ ನಂತರ ಭಾರಿ ವಾಹನಗಳಿಗೆ ನಿರ್ಬಂಧ ಬಂತು. ಆಗುಂಬೆಯ ತಿರುವುಗಳಂತೂ ಇಂಥ ಗಾಡಿಗಲ್ಲ. ಚಿಕ್ಕಮಗಳೂರಿಗೆ ಹೋಗಬೇಕಾದ ಸರಕೂ ಶಿರಾಡಿ ಹತ್ತಿ ಹಾಸನಕ್ಕೆ ಬಂದು ಬೇಲೂರಿನ ಮೇಲೆ ಹೋಗುವುದೇ ರೂಢಿ. ನಕ್ಷೆಯಲ್ಲಿ ಸುತ್ತು ಎನಿಸಿದರೂ ಅದೇ ಹತ್ತಿರದ ದಾರಿ.

ಶಿರಾಡಿಯೂ ಸದಾ ತೆರೆದಿರುವುದಿಲ್ಲ. ಕಾಂಕ್ರೀಟ್ ಹಾಕಲು 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಮುಚ್ಚಿತ್ತು. 2018ರ ಆಗಸ್ಟ್‌ನಲ್ಲೂ 2024ರ ಜುಲೈನಲ್ಲೂ ಗುಡ್ಡ ಕುಸಿದು ಸಂಚಾರ ನಿಂತಿತು. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳ ಆದೇಶ ಒಂದೇ ದಿನದಲ್ಲಿ ಬದಲಾಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ಸಾಗಣೆಯನ್ನು ಒಪ್ಪಿಕೊಳ್ಳದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಒಪ್ಪಿಕೊಂಡರೆ ಗಾಡಿ ಕಾದು ನಿಲ್ಲುವ ದಿನಗಳ ಬಾಡಿಗೆ ಯಾರದು ಎಂಬುದನ್ನು ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳಬೇಕು.

ಸರಕನ್ನು ಎಷ್ಟು ಬಿಗಿಯಾಗಿ ಕಟ್ಟಬೇಕು?

ಸರಕು ಕಟ್ಟುವವರು ಸಾಮಾನ್ಯವಾಗಿ ಅನುಸರಿಸುವ ಲೆಕ್ಕವೆಂದರೆ, ಮುಂದಕ್ಕೆ ಜಾರದಂತೆ ಸರಕಿನ ತೂಕದ ಹತ್ತರಲ್ಲಿ ಎಂಟು ಪಾಲು, ಪಕ್ಕಕ್ಕೂ ಹಿಂದಕ್ಕೂ ತೂಕದ ಅರ್ಧ ಪಾಲಿನ ಸೆಳೆತವನ್ನು ತಡೆಯಬೇಕು. 20 ಟನ್ನಿನ ಯಂತ್ರಕ್ಕೆ ಮುಂದಕ್ಕೆ 16 ಟನ್, ಪಕ್ಕಕ್ಕೆ 10 ಟನ್ ಆಯಿತು. ‘ಅಷ್ಟು ಭಾರದ್ದು ಎಲ್ಲಿಗೆ ಹೋದೀತು’ ಎಂಬ ಮಾತು ಈ ಲೆಕ್ಕದ ಎದುರು ನಿಲ್ಲುವುದಿಲ್ಲ; ಭಾರ ಹೆಚ್ಚಿದಷ್ಟೂ ಬ್ರೇಕ್ ಹಾಕಿದಾಗ ಅದು ಮುಂದೆ ಹೋಗುವ ಹಟವೂ ಹೆಚ್ಚು. ಕಬ್ಬಿಣದ ಹಲಗೆಯ ಮೇಲೆ ಕಬ್ಬಿಣದ ಚೈನು, ನಡುವೆ ತೋಟದ ಕೆಂಪು ಕೆಸರು ಇದ್ದರೆ ಸಾಬೂನಿನ ಮೇಲೆ ಇಟ್ಟಂತೆಯೇ. ಹತ್ತಿಸುವ ಮೊದಲು ಯಂತ್ರದ ಚೈನನ್ನು ತೊಳೆದು, ಹಲಗೆಯ ಮೇಲೆ ಮರ ಅಥವಾ ರಬ್ಬರ್ ಹಾಸಿ, ತೋಳು ಇಳಿಸಿ, ಬಕೆಟ್ ಹಲಗೆಗೆ ತಾಗಿಸಿ, ಮೇಲ್ಭಾಗ ತಿರುಗದಂತೆ ಪಿನ್ ಹಾಕಿ, ನಾಲ್ಕೂ ಮೂಲೆಯಲ್ಲಿ ಚೈನು ಹಾಕಿ ಬಿಗಿಯಬೇಕು. ಹೊರಟು ಹತ್ತಿಪ್ಪತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಬೇಕು. ಮೊದಲ ಕುಲುಕಾಟಕ್ಕೆ ಚೈನು ಸಡಿಲವಾಗದೆ ಇರುವುದಿಲ್ಲ.

ಘಾಟಿ ಇಳಿಯುವಾಗ ಬ್ರೇಕ್ ಹಿಡಿಯದೆ ಹೋಗುವುದು ಏಕೆ?

ಕಾಲು ಬ್ರೇಕಿನ ಮೇಲೇ ಇಳಿದರೆ ಡ್ರಮ್ ಕಾದು ಲೈನರಿನ ಹಿಡಿತ ಹೋಗುತ್ತದೆ. ಹತ್ತುವಾಗ ಯಾವ ಗೇರು ಬೇಕಾಗಿತ್ತೋ ಇಳಿಯುವಾಗಲೂ ಅದೇ ಗೇರು ಅಥವಾ ಅದಕ್ಕಿಂತ ಒಂದು ಕೆಳಗಿನದು ಎಂಬ ಹಳಬರ ಮಾತು ಸರಿಯಾದುದು. ಆ ಗೇರನ್ನು ಇಳಿಜಾರು ಆರಂಭವಾಗುವ ಮೊದಲೇ ಹಾಕಿಕೊಳ್ಳಬೇಕು, ಎಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಬಳಸಬೇಕು, ಗಾಳಿಯ ಮೀಟರನ್ನು ನೋಡುತ್ತಿರಬೇಕು. ಮಾರನಹಳ್ಳಿ ದಾಟಿ ಇಳಿಯುವ ಮೊದಲು ನಿಲ್ಲಿಸಿ ಪ್ರತಿ ಚಕ್ರವನ್ನೂ ನೋಡಿ, ಟ್ರೈಲರಿನ ಬ್ರೇಕ್ ಪ್ರತ್ಯೇಕವಾಗಿ ಹಿಡಿಯುತ್ತದೆಯೇ ಎಂದು ಪರೀಕ್ಷಿಸಬೇಕು. ನ್ಯೂಟ್ರಲ್‌ನಲ್ಲಿ ಇಳಿದು ಡೀಸೆಲ್ ಉಳಿಸುವ ಚಾಲಕನನ್ನು ಈ ಕೆಲಸಕ್ಕೆ ಕರೆಯಬಾರದು.

ಪೈಲಟ್ ಗಾಡಿಯಲ್ಲಿ ಯಾರಿರಬೇಕು, ಏನಿರಬೇಕು?

ದಾರಿ ನೋಡಿ ಬಂದವನೇ ಇರಬೇಕು. ಹಗಲಿಗೆ ಕೆಂಪು ಬಾವುಟ, ಇರುಳಿಗೆ ಕೆಂಪು ದೀಪ, ಮಿನುಗುವ ದೀಪ, ಪ್ರತಿಫಲಿಸುವ ಜಾಕೆಟ್, ಶಂಕುಗಳು, ಹಗ್ಗ, ಮರದ ಗುಟ್ಟಿಗಳು ಇರಲಿ. ಮುಖ್ಯವಾಗಿ ವಾಕಿಟಾಕಿ ಇರಬೇಕು, ಏಕೆಂದರೆ ಶಿರಾಡಿಯ ಹಲವೆಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಮುಂದಿನ ಗಾಡಿ ಎದುರಿನವರನ್ನು ಅಗಲವಾದ ಜಾಗದಲ್ಲಿ ತಡೆಯುವಷ್ಟು ದೂರದಲ್ಲಿರಬೇಕು, ಹಿಂದಿನದು ಅವಸರದ ಬಸ್ಸುಗಳು ನುಗ್ಗದಂತೆ ನೋಡಬೇಕು. ‘ನಿಲ್ಲಿಸು’ ಎಂದು ಯಾರು ಹೇಳಿದರೂ ಗಾಡಿ ನಿಲ್ಲಬೇಕು; ‘ಬರಲಿ’ ಎಂದು ಹೇಳುವವನು ಮಾತ್ರ ಒಬ್ಬನೇ ಇರಬೇಕು. ನಾಲ್ಕು ಜನ ನಾಲ್ಕು ಕಡೆಯಿಂದ ಕೈ ಬೀಸಿದರೆ ಚಾಲಕ ಯಾರನ್ನು ನೋಡಬೇಕು?

ಯಾವ ದಿನ, ಯಾವ ಹೊತ್ತು ಹೊರಡುವುದು ಒಳ್ಳೆಯದು?

ಹೊತ್ತನ್ನು ಅನುಮತಿಯಲ್ಲೇ ಹೇಳಿದ್ದರೆ ಅದೇ ಅಂತಿಮ. ದಿನದ ಆಯ್ಕೆ ನಿಮ್ಮದಾಗಿದ್ದರೆ ಶನಿವಾರ, ಭಾನುವಾರ ಚಿಕ್ಕಮಗಳೂರಿನ ಕಡೆ ಹೋಗಬೇಡಿ. ಪ್ರವಾಸಿಗರ ಕಾರುಗಳ ನಡುವೆ ಸಿಕ್ಕಿಕೊಂಡರೆ ದಿನವೇ ಹೋಯಿತು. ಡಿಸೆಂಬರಿನ ದತ್ತ ಜಯಂತಿಯ ದಿನಗಳಲ್ಲಿ ಚಿಕ್ಕಮಗಳೂರಿನಲ್ಲಿ, ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಿರುವಾಗ ಹಾಸನದಲ್ಲಿ, ಚೈತ್ರದ ರಥೋತ್ಸವಕ್ಕೆ ಬೇಲೂರಿನಲ್ಲಿ ಇಂಥ ಗಾಡಿ ಊರೊಳಗೆ ಬರಬಾರದು. ಕಾಫಿ ಕೊಯ್ಲಿನ ಕಾಲದಲ್ಲಿ ಸಂಜೆ ಹೊತ್ತು ತೋಟದ ರಸ್ತೆಗಳಲ್ಲಿ ಕಾರ್ಮಿಕರನ್ನು ಒಯ್ಯುವ ಜೀಪುಗಳು ಸಾಲಾಗಿ ಬರುತ್ತವೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಆನೆಗಳಿರುವ ಜಾಗವನ್ನು ಅರಣ್ಯ ಇಲಾಖೆಯವರು ಸಂದೇಶಗಳ ಮೂಲಕ ತಿಳಿಸುತ್ತಾರೆ. ಹೊರಡುವ ಬೆಳಿಗ್ಗೆ ಅದನ್ನು ವಿಚಾರಿಸಿ. ಮಂಜು ಕವಿದಿದ್ದರೆ, ಅನುಮತಿಯ ಅವಧಿ ಅಂದೇ ಮುಗಿಯುವಂತಿದ್ದರೂ, ನಿಲ್ಲಿ. ಅವಧಿ ವಿಸ್ತರಣೆಗೆ ಮತ್ತೆ ಅರ್ಜಿ ಹಾಕಬಹುದು.

ಲಾರಿಗೆ ವಿಮೆ ಇದೆ. ಸರಕಿಗೆ ಬೇರೆ ಬೇಕೇ?

ಬೇಕು. ಗಾಡಿಯ ವಿಮೆ ಗಾಡಿಗೆ ಮತ್ತು ಮೂರನೆಯವರಿಗೆ. ಸರಕಿನ ಸಾಗಣೆ ವಿಮೆಯನ್ನು ಯಾರು ಮಾಡಿಸಬೇಕು ಎಂದು ಸರಕಿನ ಮಾಲೀಕರೊಂದಿಗೆ ಲಿಖಿತವಾಗಿ ತೀರ್ಮಾನಿಸಿಕೊಳ್ಳಿ. ಅನುಮತಿಯ ಷರತ್ತು ಮುರಿದಿದ್ದು ಕಂಡುಬಂದರೆ ವಿಮಾ ಕಂಪನಿ ತಕರಾರು ತೆಗೆಯುವ ಸಾಧ್ಯತೆ ಇದೆ.

ಹೊರಡುವ ದಿನ ಕ್ಯಾಬಿನ್ನಿನಲ್ಲಿ ಯಾವ ಕಾಗದಗಳಿರಬೇಕು?

ಪುಲ್ಲರ್ ಮತ್ತು ಟ್ರೈಲರ್ ಎರಡರ ನೋಂದಣಿ, ಅರ್ಹತಾ ಪತ್ರ, ವಿಮೆ, ಪರ್ಮಿಟ್, ಹೊಗೆ ತಪಾಸಣೆ, ಚಾಲಕನ ಲೈಸೆನ್ಸ್, ಪ್ರತಿ ಇಲಾಖೆಯ ಅನುಮತಿಯ ಮೂಲ ಅಥವಾ ಡಿಜಿಟಲ್ ಪ್ರತಿ, ಸರಕಿನ ಬಿಲ್ಲು, ಇ-ವೇ ಬಿಲ್ (ಸರಕು ಸಾಗಣೆಗೆ ಜಿ.ಎಸ್.ಟಿ. ವ್ಯವಸ್ಥೆಯಲ್ಲಿ ಆನ್‌ಲೈನ್ ಪಡೆಯುವ ಪತ್ರ), ಆಕ್ಸಲ್‌ವಾರು ತೂಕದ ಚೀಟಿ, ನೀವೇ ಬರೆದ ದಾರಿಯ ಪಟ್ಟಿ. ಇ-ವೇ ಬಿಲ್ಲಿನಲ್ಲಿ ಸರಕನ್ನು ‘ಅಳತೆ ಮೀರಿದ್ದು’ ಎಂದು ಗುರುತಿಸಲು ಮರೆಯಬೇಡಿ. ಸಾಮಾನ್ಯ ಸರಕಿಗೆ ಒಂದು ದಿನಕ್ಕೆ 200 ಕಿಲೋಮೀಟರ್ ಲೆಕ್ಕದಲ್ಲಿ ಅವಧಿ ಸಿಗುತ್ತದೆ. ಅಳತೆ ಮೀರಿದ ಸರಕಿಗೆ ಒಂದು ದಿನಕ್ಕೆ 20 ಕಿಲೋಮೀಟರ್ ಲೆಕ್ಕ. ಗುರುತಿಸದೆ ಹೊರಟ ಗಾಡಿ ಸಕಲೇಶಪುರದಲ್ಲಿ ಮಂಜಿಗೋಸ್ಕರ ಎರಡು ದಿನ ನಿಂತರೆ, ಸೇರುವ ಜಾಗ ಇನ್ನೂ ದೂರವಿರುವಾಗಲೇ ಬಿಲ್ಲಿನ ಅವಧಿ ಮುಗಿದಿರುತ್ತದೆ.